ಒಂದು ಗೀರೂ ಇಲ್ಲದ ಬೀಗ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ. ಮೂವತ್ತು ವರ್ಷ ಬೀಗದ ಅಂಗಡಿಯಲ್ಲಿ ಕೂತವನಿಗೆ ಕೋಪ ಬಾರದೆ ಇನ್ನೇನು ಬರುತ್ತದೆ? ಕೀ ಕಳೆದುಕೊಂಡವರು, ಕೀ ಮುರಿದುಕೊಂಡವರು, ಕೀ ಒಳಗಿಟ್ಟು ಬಾಗಿಲು ಎಳೆದುಕೊಂಡವರು, ಎಲ್ಲರೂ ಬಂದು ರೇಗುವುದು ನನ್ನ ಮೇಲೆ. ಅವರ ಕೀ ನಾನೇ ನುಂಗಿ ಕೂತಿದ್ದೇನೋ ಎನ್ನುವ ಹಾಗೆ. ಆದರೆ ಈ ಕತೆಯಲ್ಲಿ ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಹುಡುಕಿ ತೋರಿಸುವ ಕಷ್ಟ ಬೇಡ.

ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ ಆರು ಮಹಡಿಯ ಅಪಾರ್ಟ್‌ಮೆಂಟ್ ಇದೆ. ನಲವತ್ತೆಂಟು ಮನೆ. ಅಲ್ಲಿನ ಸಂಘದವರಿಗೆ ಎಲ್ಲ ಬಾಗಿಲಿಗೂ ಒಂದೇ ಥರದ ಸ್ಮಾರ್ಟ್ ಲಾಕ್ ಹಾಕಿಸುವ ಉಮೇದು ಬಂತು. ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಹಾಲಿನಲ್ಲಿ ಸಭೆ ಕರೆದರು. ನಾನು ಮೂರು ಬೀಗಗಳನ್ನು ಮೂರು ಹಲಗೆಗೆ ಜೋಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆ ಗಂಡಿನ ಹಾಗೆ ಹೋದೆ.

ಮೊದಲನೆಯದು ಬೆರಳಚ್ಚಿನ ಬೀಗ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿಯೇಬಿಟ್ಟರು. "ನನ್ನ ಹೆಬ್ಬೆಟ್ಟು ಹೋಗಿ ಯಾವ ಕಂಪ್ಯೂಟರಿನಲ್ಲಿ ಕೂರುತ್ತೋ ಏನೋ. ಬೇಡಪ್ಪಾ ಬೇಡ!" ಅದು ಬೀಗದೊಳಗೇ ಇರುತ್ತೆ ಸಾರ್ ಎಂದು ನಾನು ಬಡಕೊಂಡರೂ ಅವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ಕೂತರು. ಎರಡನೆಯದು ಕಾರ್ಡ್ ತೋರಿಸಿದರೆ ತೆರೆಯುವುದು. ಒಬ್ಬ ಹೆಂಗಸು ಪಕ್ಕದಲ್ಲಿದ್ದ ಗಂಡನತ್ತ ಬೆರಳು ಮಾಡಿ, "ಇವರು ತಿಂಗಳಿಗೆ ಮೂರು ಕನ್ನಡಕ ಕಳೀತಾರೆ. ಇವರ ಕೈಗೆ ಕಾರ್ಡಾ?" ಎಂದರು. ಹಾಲೆಲ್ಲ ನಕ್ಕಿತು. ಕಾರ್ಡಿನ ಬೀಗದ ಕತೆ ಅಲ್ಲಿಗೆ ಮುಗಿಯಿತು.

ಮೂರನೆಯದು ಗಾಜಿನದು. ಅಂಗೈ ಇಟ್ಟರೆ ಒಳಗಿಂದ ಅಂಕಿಗಳು ಬೆಳಗುತ್ತವೆ, ನಿಮ್ಮ ಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತದೆ. ಅದರ ಹೆಚ್ಚುಗಾರಿಕೆ ಎಂದರೆ ಪ್ರತಿ ಸಲವೂ ಅಂಕಿಗಳು ಜಾಗ ಬದಲಿಸುತ್ತವೆ. ಈಗ ಒಂದು ಇದ್ದ ಕಡೆ ಮುಂದಿನ ಸಲ ಏಳು ಇರುತ್ತದೆ, ಏಳಿದ್ದ ಕಡೆ ಸೊನ್ನೆ. ಗಾಜಿನ ಮೇಲಿನ ಬೆರಳಿನ ಜಿಡ್ಡು ನೋಡಿ ಕಳ್ಳ ಸಂಖ್ಯೆ ಊಹಿಸುವಂತಿಲ್ಲ. ಜೊತೆಗೆ ಫೋನಿನಿಂದಲೂ ತೆಗೆಯಬಹುದು, ನೀವು ಎಷ್ಟು ದೂರದಲ್ಲಿದ್ದರೂ ಸರಿ. ಇದನ್ನೆಲ್ಲ ನಾನು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದಾಗ ಕೊನೆಯ ಸಾಲಿನಿಂದ ಒಂದು ದನಿ ಬಂತು.

"ಮುಟ್ಟಿದರೆ ಯಾವ ಅಂಕಿ ಅಂತ ಗೊತ್ತಾಗುತ್ತಾ?"

ಐವತ್ತೈದರ ಆಸುಪಾಸಿನ ಹೆಂಗಸು. ಬೆನ್ನು ನೆಟ್ಟಗೆ ಮಾಡಿ, ಮುಖ ನೇರ ನನ್ನ ಕಡೆಗೇ ಇಟ್ಟು ಕೂತಿದ್ದರು. ಪರವಾಗಿಲ್ಲ, ಕಳ್ಳರ ಬಗ್ಗೆ ಯೋಚನೆ ಇರುವವರು ಒಬ್ಬರಾದರೂ ಇದ್ದಾರೆ ಎಂದು ಖುಷಿಯಾಯಿತು ನನಗೆ.

"ಎಲ್ಲಿ ಗೊತ್ತಾಗುತ್ತೆ ಮೇಡಂ! ಪೂರಾ ನೈಸು. ಒಂದು ಗೀರೂ ಇಲ್ಲ. ಎಂಥಾ ಚಾಲಾಕಿ ಬೆರಳಾದ್ರೂ ಇದರ ಮುಂದೆ ಸೋಲಲೇಬೇಕು!"

ಜನ ಚಪ್ಪಾಳೆ ಹೊಡೆದರು. ಆಕೆ "ಹೌದಾ" ಎಂದರು, ಅಷ್ಟೆ. ಗಾಜಿನ ಬೀಗ ಗೆದ್ದಿತು.

ಎಂಟು ದಿನದಲ್ಲಿ ನಲವತ್ತೆಂಟು ಬಾಗಿಲು ಮುಗಿಸಿದೆ. ಪ್ರತಿ ಬೀಗದ ಜೊತೆಗೂ ಎರಡೆರಡು ಕೀ ಬಂದಿದ್ದವು. ಕರೆಂಟಿನ ಭಾಗ ಕೈಕೊಟ್ಟರೆ ಇರಲಿ ಎಂದು ಬೀಗದ ಅಡಿಯಲ್ಲಿ, ಒಂದು ರಬ್ಬರ್ ಮುಚ್ಚಳದ ಹಿಂದೆ, ಪುಟ್ಟ ಕೀ ತೂತು ಕೊಟ್ಟಿರುತ್ತಾರೆ. ನಾನು ಮಹಾ ಬುದ್ಧಿವಂತ, ಸಂಘದ ಸೆಕ್ರೆಟರಿಗೆ ಸಲಹೆ ಕೊಟ್ಟೆ. "ಇವು ಯಾರಿಗೂ ಬೇಕಾಗಲ್ಲ ಸಾರ್. ಮನೆಮನೆಗೆ ಕೊಟ್ಟರೆ ಕಳೀತಾರೆ. ಎಲ್ಲ ನಿಮ್ಮ ಆಫೀಸಿನ ಕಪಾಟಿನಲ್ಲೇ ಇರಲಿ." ಅವರು ಪ್ರತಿಯೊಂದಕ್ಕೂ ಮನೆ ನಂಬರಿನ ಚೀಟಿ ಕಟ್ಟಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಬೀಗವೂ ನಮ್ಮ ಅಂಗಡಿಯದೇ.

ಒಂದೂವರೆ ತಿಂಗಳು ಕಳೆಯಿತು. ಒಂದು ಗುರುವಾರ ಮಧ್ಯಾಹ್ನ, ನನ್ನ ಕೀ ಕತ್ತರಿಸುವ ಮೆಷಿನ್ನು ಮೊಂಡು ಹಿಡಿದು ನಿಂತಿತ್ತು. ನಾನು ಅದನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

"ಬೀಗದವರ ಅಂಗಡಿ ಇದೇ ಅಲ್ವಾ? ದನಿ ಗುರುತು ಸಿಕ್ತು."

ತಲೆಯೆತ್ತಿದೆ. ಅದೇ ಹೆಂಗಸು. ಕೈಯಲ್ಲಿ ಬಿಳಿ ಕೋಲು.

ಮುಟ್ಟಿದರೆ ಗೊತ್ತಾಗುತ್ತಾ ಎಂದು ಅವರು ಕೇಳಿದ್ದು, ನಾನು ಒಂದು ಗೀರೂ ಇಲ್ಲ ಎಂದು ಮೆರೆದದ್ದು, ಆ ಚಪ್ಪಾಳೆ, ಎಲ್ಲ ಒಟ್ಟಿಗೇ ಕಿವಿಗೆ ಬಂದು ಬಡಿಯಿತು. ನನ್ನ ಹೆಂಡತಿ ಗಲ್ಲಾದ ಹಿಂದಿನಿಂದ ಎದ್ದು ಬಂದು ಅವರ ಮೊಣಕಾಲಿಗೆ ಸ್ಟೂಲು ತಾಕಿಸಿ ಕೂರಿಸಿದಳು. ಅವರು ಕೂತವರೇ ಸ್ಟೂಲಿನ ಅಂಚನ್ನು ಸವರಿ, "ಇದರ ಬೆತ್ತ ಸಡಿಲಾಗಿದೆಯಲ್ಲ, ಯಾರು ಹೆಣೆದಿದ್ದು ಇದನ್ನ? ಕೆಟ್ಟ ಕೆಲಸ" ಎಂದರು. ಆಮೇಲೆ ತಿಳಿಯಿತು, ಅವರು ಕಣ್ಣು ಕಾಣದವರಿಗೆ ಕುರ್ಚಿ ಹೆಣೆಯಲು ಕಲಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲೂ ಎಲ್ಲರ ಬಾಯಲ್ಲಿ ಅವರು ಬೆತ್ತದ ಟೀಚರ್.

"ಟೀಚರ್, ಅವತ್ತು ಸಭೆಯಲ್ಲಿ ನೀವು ಬಿಡಿಸಿ ಹೇಳಬಹುದಿತ್ತಲ್ಲ?" ಎಂದೆ. ತಪ್ಪು ಮಾಡಿದವನಿಗೆ ಮೊದಲು ಬರುವ ಮಾತು ಅದೇ.

"ಅಷ್ಟು ಜನ ಖುಷಿಯಾಗಿ ಚಪ್ಪಾಳೆ ಹೊಡೀತಿದ್ರು. ನಾನೊಬ್ಬಳು ಎದ್ದು ಅಡ್ಡಗಾಲು ಹಾಕೋಕೆ ಸಂಕೋಚ ಆಯ್ತು. ಹೇಗೋ ಆಗುತ್ತೆ ಅಂದ್ಕೊಂಡೆ. ಆಗ್ಲಿಲ್ಲ."

ಆಗದೆ ಏನಾಯಿತು ಎಂದು ಅವರೇ ಹೇಳಿದರು. ನಾನು ಬೀಗ ಹಾಕಿದ ದಿನ ಅವರು ಹಳೇ ಕೀ ವಾಚ್‌ಮನ್‌ಗೆ ಕೊಟ್ಟು ಕೆಲಸಕ್ಕೆ ಹೋಗಿದ್ದರು; ಸಂಜೆ ಅವರ ತಮ್ಮ ಬಂದು ಅದನ್ನು ತನ್ನ ಫೋನಿಗೆ ಜೋಡಿಸಿಕೊಂಡ. ತಮ್ಮ ಇರುವುದು ನಗರದ ಆ ಕೊನೆಗೆ. ಟೀಚರ್ ಸಂಜೆ ಕೆಲಸದಿಂದ ಬಂದು ಮನೆಯ ಬಾಗಿಲ ಮುಂದೆ ನಿಂತು, ಗುಂಡಿ ಫೋನಿನಲ್ಲಿ ತಮ್ಮನಿಗೆ ಕರೆ ಮಾಡಬೇಕು. "ಬಂದೆ ಕಣೋ, ತೆಗಿ." ಆತ ಅಲ್ಲಿಂದ ತೆಗೆಯುತ್ತಾನೆ. ತರಕಾರಿಗೆ ಹೋಗಿ ಬಂದರೂ ಕರೆ, ಕಸ ಹಾಕಲು ಹೋಗಿ ಬಾಗಿಲು ಮುಚ್ಚಿಕೊಂಡರೂ ಕರೆ. ಇವತ್ತೇಕೆ ತಡ, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗಳು ಬೇರೆ. ಹೋದ ಶನಿವಾರ ಆತನ ಫೋನು ಸತ್ತುಹೋಗಿತ್ತು. ಇವರು ಬಾಗಿಲ ಹೊರಗೆ ಎರಡು ಗಂಟೆ ನಿಂತರು.

"ಅವತ್ತೇ ಹೇಳಿಬಿಟ್ಟ. ನಿನ್ನ ಬಾಗಿಲು ನೀನೇ ತೆಗೆಯೋಕೆ ಆಗದ ಮೇಲೆ ಒಬ್ಬಳೇ ಹೇಗಿರ್ತೀಯಕ್ಕ, ಭಾನುವಾರ ಬರ್ತೀನಿ, ಸಾಮಾನು ಕಟ್ಟೋಣ, ನಮ್ಮನೆಗೇ ಬಂದುಬಿಡು ಅಂತ." ಅವರು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. "ಇಪ್ಪತ್ತೆರಡು ವರ್ಷದಿಂದ ಆ ಮನೇಲಿದೀನಿ. ನನ್ನ ದುಡಿಮೆಯಲ್ಲಿ ತಗೊಂಡಿದ್ದು. ಯಾವ ಮೂಲೇಲಿ ಏನಿದೆ ಅಂತ ನಿದ್ದೇಲೂ ಗೊತ್ತು. ಬೇರೆ ಮನೆಗೆ ಹೋದ್ರೆ ನಾನು ಬಚ್ಚಲಿಗೆ ಹೋಗೋಕೂ ಇನ್ನೊಬ್ಬರನ್ನ ಕೇಳಬೇಕು. ಭಾನುವಾರದೊಳಗೆ ಏನಾದ್ರೂ ಮಾಡೋಕಾಗುತ್ತಾ ನೋಡಿ."

ನನಗೆ ರೇಗಿಹೋಯಿತು. ಯಾರ ಮೇಲೆ ಎಂದು ಗೊತ್ತಿಲ್ಲ. "ನಿಮ್ಮ ತಮ್ಮನಿಗೆ ಬುದ್ಧಿಗಿದ್ಧಿ ಇದೆಯಾ?" ಎಂದುಬಿಟ್ಟೆ.

"ಅವನಿಗೆ ಬೈಬೇಡಿ" ಎಂದರು ಟೀಚರ್ ತಟ್ಟನೆ. "ಎರಡು ವರ್ಷದ ಹಿಂದೆ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಕಾಲು ಮುರೀತು. ಮನೆ ಬಾಗಿಲು ಒಳಗಿಂದ ಹಾಕಿತ್ತು. ಬೆಳಿಗ್ಗೆ ಬಿದ್ದವಳು ಸಂಜೆವರೆಗೂ ಅಲ್ಲೇ ಇದ್ದೆ. ಕೊನೆಗೆ ಅವನೇ ಬಂದು ಭುಜ ಕೊಟ್ಟು ಬಾಗಿಲು ಒಡೆದ. ಅದಾದ ಮೇಲೆ ಅವನು ನನಗಿಂತ ಹೆಚ್ಚು ಹೆದರಿದಾನೆ."

ನಾನು ನಾಲಿಗೆ ಕಚ್ಚಿಕೊಂಡೆ.

"ರೀ," ಎಂದಳು ನನ್ನ ಹೆಂಡತಿ. ಅಂಗಡಿಯ ಗೋಡೆಯಲ್ಲಿ ಅದೇ ಗಾಜಿನ ಬೀಗವನ್ನು ಹಲಗೆಗೆ ಜಡಿದು ನೇತುಹಾಕಿದ್ದೆ. ಅದನ್ನು ತೋರಿಸಿ, "ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಮ್ಮ ಬೀಗ ನೀವೇ ತೆಗೀರಿ ನೋಡೋಣ."

"ನನಗೇನು ಗೊತ್ತಿಲ್ವಾ ಅದು ಕಷ್ಟ ಅಂತ?"

"ಗೊತ್ತಿದ್ರೆ ಮಾರ್ತಿರಲಿಲ್ಲ. ಕಟ್ಟಿಕೊಳ್ಳಿ."

ಟವೆಲ್ ಕಟ್ಟಿಕೊಂಡೆ. ಗಾಜಿನ ಮೇಲೆ ಬೆರಳಿಟ್ಟು ಹುಡುಕಲು ಹೊರಟೆ. ಆಗಲೇ ತಿಳಿದದ್ದು ನನಗೆ, ಆ ಬೀಗದಲ್ಲಿ ಹುಡುಕುವುದೂ ಒತ್ತುವುದೂ ಒಂದೇ. ಬೆರಳು ತಾಕಿಸಿದರೆ ಸಾಕು, ಒಂದು ಅಂಕಿ ಬಿದ್ದಂತೆ. ಒಂದು ಸಲ ತಪ್ಪಾಯಿತು, ಎರಡು ಸಲ, ಐದು ಸಲ. ಆರನೆಯ ಸಲಕ್ಕೆ ಬೀಗ ಕಿಟಾರನೆ ಕಿರುಚಿಕೊಳ್ಳಲು ಶುರುಮಾಡಿತು. ಪಕ್ಕದಂಗಡಿಯ ದರ್ಜಿ ಕತ್ತರಿ ಹಿಡಿದೇ ಓಡಿಬಂದ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಗೋಡೆಯ ಜೊತೆ ಕುಸ್ತಿಯಾಡುತ್ತಿದ್ದ ನನ್ನನ್ನು ನೋಡಿ, "ಏನಯ್ಯಾ ಇದು ಅವತಾರ!" ಎಂದ. ಟೀಚರ್ ಮೊದಲ ಸಲ ನಕ್ಕರು. ನಾನೂ ನಕ್ಕೆ, ಆದರೆ ಮುಖ ಹುಳ್ಳಗಾಗಿತ್ತು.

ಕಂಪನಿಗೆ ಫೋನ್ ಮಾಡಿದೆ. ಅಂಕಿಗಳು ಜಾಗ ಬದಲಿಸುವುದನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದೆ. ಆ ಕಡೆಯ ಹುಡುಗಿ ಬಹಳ ನಯವಾಗಿ, "ಆಗಲ್ಲ ಸಾರ್, ಅದೇ ಇದರ ವಿಶೇಷ" ಎಂದಳು. ನಾನೂ ಸಭೆಯಲ್ಲಿ ಇದೇ ಮಾತನ್ನು ಇಷ್ಟೇ ನಯವಾಗಿ ಹೇಳಿದ್ದೆ, ಹಾಗಾಗಿ ಬೈಯಲು ಬಾಯಿ ಬರಲಿಲ್ಲ. ಬೇರೆ ಬೀಗ ಹಾಕೋಣವೆಂದರೆ ಎಲ್ಲ ಬಾಗಿಲೂ ಒಂದೇ ಥರ ಇರಬೇಕೆಂಬುದು ಸಂಘದ ತೀರ್ಮಾನ, ಅದನ್ನು ಬದಲಿಸಲು ಮತ್ತೆ ಸಭೆ ಕರೆಯಬೇಕು. ಭಾನುವಾರಕ್ಕೆ ಉಳಿದದ್ದು ಎರಡೇ ದಿನ.

"ಹಳೇ ಬೀಗಕ್ಕೆ ಒಂದು ಕೀ ಇತ್ತು" ಎಂದರು ಟೀಚರ್, ಯಾರಿಗೋ ಹೇಳುವಂತೆ. "ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲಾನೂ ಕಳೀಲಿಲ್ಲ ನಾನು."

ಕೀ! ನಾನು ಹಣೆ ಚಚ್ಚಿಕೊಂಡೆ. ಬೀಗದ ಅಡಿಯಲ್ಲಿ ಕೀ ತೂತು ಇತ್ತಲ್ಲ! ಒಂದೂವರೆ ತಿಂಗಳಿಂದ ಅದು ಅವರ ಬಾಗಿಲಲ್ಲೇ ಇತ್ತು, ಅವರಿಗೆ ಹೇಳುವವರಿರಲಿಲ್ಲ, ಕೀ ಕಪಾಟಿನಲ್ಲಿತ್ತು. ತಕ್ಷಣ ಸೆಕ್ರೆಟರಿಗೆ ಫೋನ್ ಹಚ್ಚಿದೆ. ಅವರು ಮಗಳ ಮನೆಗೆ ಹೋಗಿದ್ದಾರೆ, ಕಪಾಟಿನ ಕೀ ಅವರ ಚೀಲದಲ್ಲಿದೆ, ಬರುವುದು ಸೋಮವಾರ. ನನ್ನ ಮಹಾ ಬುದ್ಧಿವಂತಿಕೆಗೆ ಸರಿಯಾದ ಮರ್ಯಾದೆಯೇ ಆಯಿತು.

"ಹಾಗಾದ್ರೆ ಹೊಸದು ಮಾಡ್ತೀನಿ" ಎಂದೆ. "ನಾಳೆ ಸಂಜೆ ಐದಕ್ಕೆ ಮನೇಲಿರಿ ಟೀಚರ್."

ಕಣ್ಣೆದುರಿಗೆ ಮೂಲ ಕೀ ಇಲ್ಲದೆ ಹೊಸ ಕೀ ಮಾಡುವುದು ಹಳೆಯ ವಿದ್ಯೆ. ಕಚ್ಚು ಹಾಕದ ಬೋಳು ಕೀಯನ್ನು ತೂತಿಗೆ ತೂರಿಸಿ, ಬಿಗಿಯಾಗಿ ತಿರುವಿ ಅಲ್ಲಾಡಿಸಬೇಕು. ಒಳಗಿನ ಮೊಳೆಗಳು ಎಲ್ಲಿ ಒತ್ತುತ್ತವೋ ಅಲ್ಲಿ ಕೀಯ ಮೇಲೆ ಸೂಜಿಮೊನೆಯಷ್ಟು ಗುರುತು ಬೀಳುತ್ತದೆ. ಅಲ್ಲಿ ಅರದಿಂದ ಒಂದೆರಡು ಸಲ ಉಜ್ಜಬೇಕು, ಮತ್ತೆ ತೂರಿಸಬೇಕು, ಮತ್ತೆ ನೋಡಬೇಕು. ಮೇಲೆ ಅಷ್ಟು ಗಾಜು, ಅಷ್ಟು ಬೆಳಕು, ಆದರೆ ಅಡಿಯಲ್ಲಿ ಅಡಗಿಸಿಟ್ಟ ಬೀಗ ಮಾತ್ರ ಹಳೇ ಟ್ರಂಕಿನ ಬೀಗದಷ್ಟೇ ಸಾಧಾರಣವಾಗಿತ್ತು. ಈ ಗುಟ್ಟನ್ನು ಹೊರಗೆ ಬಿಡಬೇಡಿ.

ಮನೆಯ ಯಜಮಾನರು ಎದುರಿಗೆ ನಿಲ್ಲದೆ ನಾನು ಕೀ ಮಾಡುವುದಿಲ್ಲ, ಅದು ನನ್ನ ಮೂವತ್ತು ವರ್ಷದ ನಿಯಮ. ಶುಕ್ರವಾರ ಸಂಜೆ ನಾಲ್ಕನೆಯ ಮಹಡಿಗೆ ಹೋದಾಗ ನಾನು ಕೇಳುವ ಮೊದಲೇ ಟೀಚರ್ ಮನೆಯ ಪತ್ರ ತಂದು ನನ್ನ ಕೈಗಿಟ್ಟರು. ಅದರಲ್ಲಿ ಅವರದೊಂದೇ ಹೆಸರು. ಬಾಗಿಲ ಮುಂದೆ ಮಂಡಿಯೂರಿ ಕೂತೆ. ಎರಡು ಸುತ್ತು ಅಲ್ಲಾಡಿಸುವಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ತಮ್ಮನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅಕ್ಕಾ, ಯಾರೋ ಬಾಗಿಲು ಅಲ್ಲಾಡಿಸ್ತಿದಾರೆ ಅಂತ ನನ್ನ ಫೋನಿಗೆ ಬಂತು! ಒಳಗೇ ಇರು, ವಾಚ್‌ಮನ್‌ಗೆ ಹೇಳ್ತೀನಿ!"

"ಯಾರಿಗೂ ಹೇಳಬೇಡ" ಎಂದರು ಟೀಚರ್. "ಅದು ನಾನೇ ಕಣೋ. ನನ್ನ ಬಾಗಿಲು ನಾನೇ ಅಲ್ಲಾಡಿಸ್ತಿದೀನಿ."

ಮೂರು ಗುರುತು ಬೇಗ ಸಿಕ್ಕವು. ಆಮೇಲೆ ಕೆಲಸ ನಿಂತಿತು. ಮೊಗಸಾಲೆಯ ದೀಪ ಮಂಕು, ನನ್ನ ಕಣ್ಣಿಗೂ ವಯಸ್ಸಾಗಿದೆ. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ, ಟಾರ್ಚು ಬಿಟ್ಟು ನೋಡಿದೆ. ಏನೂ ಕಾಣಲಿಲ್ಲ. ಅಂದಾಜಿನಲ್ಲಿ ಉಜ್ಜಿದರೆ ಕೀ ಹಾಳು, ಇಂಥ ಅಳತೆಯ ಬೋಳು ಕೀ ನನ್ನಲ್ಲಿದ್ದದ್ದು ಅದೊಂದೇ. ಹಾಳಾದದ್ದು, ಹಾಳಾದದ್ದು ಎಂದು ಗೊಣಗಿಕೊಳ್ಳುತ್ತಿದ್ದೆ.

"ಇಲ್ಲಿ ಕೊಡಿ ನೋಡೋಣ" ಎಂದು ಅವರು ಕೈ ಚಾಚಿದರು.

ಕೀಯ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಬಹಳ ನಿಧಾನವಾಗಿ ಎಳೆದರು. ಒಂದು ಕಡೆ ಉಗುರು ನಿಂತಿತು. "ಇಲ್ಲೊಂದಿದೆ. ಈ ಕಡೆ ಇನ್ನೊಂದು, ಇದಕ್ಕಿಂತ ಸಣ್ಣದು." ಅವರ ಉಗುರು ತೋರಿಸಿದ ಕಡೆ ನಾನು ಅರ ಇಟ್ಟೆ. ಮತ್ತೆ ತೂರಿಸಿ ತಿರುವಿದೆ, ಮತ್ತೆ ಅವರ ಕೈಗೆ ಕೊಟ್ಟೆ. ಹೀಗೆ ಒಂದು ಗಂಟೆಗೂ ಮೇಲೆ ನಾವಿಬ್ಬರೂ ನೆಲದ ಮೇಲೆ ಕೂತು ಆ ಹಿತ್ತಾಳೆಯ ತುಂಡನ್ನು ಹಿಂದೆಮುಂದೆ ಕೊಟ್ಟುಕೊಳ್ಳುತ್ತಿದ್ದೆವು. ಎದುರು ಮನೆಯವರು ಬಾಗಿಲು ತೆರೆದು ನೋಡಿ, ಏನೂ ಕೇಳದೆ ಮುಚ್ಚಿಕೊಂಡರು. "ಸಾಕು, ಇನ್ನೊಂದೇ ಒಂದು ಉಜ್ಜು, ಹಗುರಕ್ಕೆ" ಎಂದರು ಟೀಚರ್ ಕೊನೆಗೆ, ನಾನು ಅವರ ಶಿಷ್ಯನೋ ಎಂಬಂತೆ.

ಕೀ ತಿರುಗಿತು. ಅರ್ಧ ತಿರುಗಿದಾಗಲೇ ನಾನು ಅದನ್ನು ಹಿಂದಕ್ಕೆ ತಿರುವಿ, ಹೊರಗೆಳೆದು, ಅವರ ಕೈಗಿಟ್ಟೆ. "ನೀವೇ ತೆಗೀರಿ ಟೀಚರ್."

ಅವರು ಬಾಗಿಲು ಎಳೆದುಕೊಂಡು, ಪೂರ್ತಿ ಬೀಗ ಬಿದ್ದ ಸದ್ದು ಕೇಳಿಸಿಕೊಂಡು, ರಬ್ಬರ್ ಮುಚ್ಚಳ ಸರಿಸಿ, ಕೀ ತೂರಿಸಿ ತಿರುಗಿಸಿದರು. ಬಾಗಿಲು ತೆರೆಯಿತು. ಒಳಗೆ ಹೋಗಲಿಲ್ಲ. ಮತ್ತೆ ಎಳೆದುಕೊಂಡರು, ಮತ್ತೆ ತೆಗೆದರು. ಐದು ಸಲ. ಐದನೆಯ ಸಲ ಅವರ ಗಲ್ಲ ಒದ್ದೆಯಾಗಿತ್ತು. ನಾನೂ ಅತ್ತೆ. ಮುಚ್ಚಿಡುವಂಥದ್ದೇನೂ ಇಲ್ಲ, ಅತ್ತೆ ಅಷ್ಟೆ.

ಭಾನುವಾರ ಬೆಳಿಗ್ಗೆ ಬರಬೇಕೆಂದು ಅವರೇ ಕೇಳಿಕೊಂಡಿದ್ದರು. ಹೊಸ ಕೀ, ಎಲ್ಲಾದರೂ ಸಿಕ್ಕಿಹಾಕಿಕೊಂಡೀತು ಎಂಬ ಭಯ. ತಮ್ಮನೆಂದರೆ ದಪ್ಪ ಮೀಸೆಯ ಗಟ್ಟಿ ಆಸಾಮಿ ಎಂದು ನಾನು ಎಣಿಸಿದ್ದೆ. ಲಿಫ್ಟಿನಿಂದ ಹೊರಬಂದದ್ದು ನಿದ್ದೆಗೆಟ್ಟ ಕಣ್ಣಿನ ಸಣಕಲು ಮನುಷ್ಯ. ತಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನೂ ಟೇಪಿನ ಸುರುಳಿಯನ್ನೂ ಲಿಫ್ಟಿನ ಪಕ್ಕ ಇಳಿಸಿ ಬಂದರು. ಟೀಚರ್ ಹೊರಗೇ ಕಾಯುತ್ತಿದ್ದರು, ಬಾಗಿಲು ಮುಚ್ಚಿತ್ತು.

"ಫೋನು ಜೇಬಲ್ಲೇ ಇರಲಿ" ಎಂದರು. "ಸುಮ್ನೆ ನೋಡು."

ಬಗ್ಗಿ ಮುಚ್ಚಳ ಸರಿಸಿ, ಕೀ ತಿರುಗಿಸಿ, ಬಾಗಿಲು ತೆಗೆದರು. ನಾನು ಎಣಿಸಿದೆ, ಆರು ಕ್ಷಣವೂ ಹಿಡಿಯಲಿಲ್ಲ.

ತಮ್ಮ ಬಗ್ಗಿ ಬೀಗದ ಅಡಿ ನೋಡಿದರು. "ಈ ತೂತು ಯಾವಾಗಿಂದ ಇದೆ?"

"ಮೊದಲ ದಿನದಿಂದ ಸಾರ್" ಎಂದೆ. "ಕೀ ಆಫೀಸಿನ ಕಪಾಟಿಗೆ ಹಾಕಿಸಿದ್ದು ನಾನೇ. ಈ ಬೀಗ ಆರಿಸಿಕೊಟ್ಟಿದ್ದೂ ನಾನೇ. ತಪ್ಪು ನಂದು."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. "ಕೀ ಸರಿ ಅಕ್ಕಾ," ಎಂದರು ಮೆಲ್ಲಗೆ, "ಮತ್ತೆ ಬಿದ್ರೆ? ಆವತ್ತು ನೀನು ಒಳಗೆ ನರಳ್ತಿದ್ದೆ, ನಾನು ಹೊರಗೆ. ಆ ಬಾಗಿಲು ಬೇಗ ಒಡೀಲೇ ಇಲ್ಲ. ನನಗೆ ಇವತ್ತಿಗೂ ಆ ಸದ್ದು ಕೇಳುತ್ತೆ."

ಟೀಚರ್ ತಡವಿ ಅವರ ಕೈ ಹಿಡಿದುಕೊಂಡರು. "ಬಿದ್ದ ದಿನ ತೆಗಿ. ಎರಡು ಸಲ ಫೋನ್ ಮಾಡಿ ನಾನು ಎತ್ತದೇ ಇದ್ರೆ ತೆಗಿ. ಅದಕ್ಕೆ ನಾನು ಬೇಡ ಅನ್ನಲ್ಲ, ಆ ಫೋನಲ್ಲಿ ಅದು ಇರಲಿ. ಆದರೆ ನೀನು ಸುಮ್ಸುಮ್ನೆ ಬರೋವಾಗಲೂ ಅದರಲ್ಲೇ ತೆಗೆದು ಒಳಗೆ ಬಂದುಬಿಡ್ತೀಯ."

"ನಿನಗೆ ಎದ್ದು ಬರೋ ಕಷ್ಟ ಬೇಡ ಅಂತ ಅಕ್ಕಾ."

"ನಾನು ಅಡುಗೆಮನೇಲಿ ಇರ್ತೀನಿ. ಬಾಗಿಲು ತಾನಾಗಿ ತೆರೆಯುತ್ತೆ. ಬಂದಿದ್ದು ನೀನೋ ಇನ್ಯಾರೋ ಅಂತ ನನಗೆ ಹೇಗೆ ಗೊತ್ತಾಗಬೇಕು ಹೇಳು? ನೀನು ಮಾತಾಡೋವರೆಗೂ ನಾನು ಚಾಕು ಹಿಡಿದು ನಿಂತಿರ್ತೀನಿ ಕಣೋ."

ಒಂದೂವರೆ ತಿಂಗಳಲ್ಲಿ ಆ ಯೋಚನೆ ತಮ್ಮನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ನನ್ನ ತಲೆಗೂ ಬಂದಿರಲಿಲ್ಲ, ಎಷ್ಟು ದೂರದಿಂದಲಾದರೂ ತೆಗೆಯಬಹುದು ಎಂದು ಮಾರಿದವನು ನಾನು.

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಪೆಟ್ಟಿಗೆಗಳನ್ನ ವಾಪಸ್ ತಗೊಂಡು ಹೋಗಬೇಡ. ನನ್ನ ಬೆತ್ತದ ಕಟ್ಟು ಇಡೋಕೆ ಬೇಕು" ಎಂದರು.

ತಮ್ಮ ತಲೆಯಾಡಿಸಿ ಪೆಟ್ಟಿಗೆ ತರಲು ಲಿಫ್ಟಿನ ಕಡೆ ಹೋದರು. ಟೀಚರ್ ಒಳಗೆ ನಡೆದರು. ಅವರ ಹಿಂದೆ ಬಾಗಿಲು ಮುಚ್ಚಿ ಬೀಗ ತಾನಾಗಿ ಬಿತ್ತು. ನಾನು ಮೊಗಸಾಲೆಯಲ್ಲಿ ಕೂತು ಅರ, ಇಕ್ಕಳ ಎಲ್ಲ ಚೀಲಕ್ಕೆ ತುಂಬುತ್ತಿದ್ದೆ. ತಮ್ಮ ಪೆಟ್ಟಿಗೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು ಬಾಗಿಲ ಮುಂದೆ ನಿಂತರು. ಅಭ್ಯಾಸದ ಕೈ ಜೇಬಿನಿಂದ ಫೋನು ತೆಗೆಯಿತು, ಹೆಬ್ಬೆರಳು ಬಾಗಿಲು ತೆಗೆಯುವ ಗುಂಡಿಯ ಮೇಲೆ ಹೋಗಿ ನಿಂತಿತು. ಅವರು ಫೋನನ್ನು ಒಮ್ಮೆ ನೋಡಿದರು, ಮತ್ತೆ ಜೇಬಿಗೆ ಹಾಕಿದರು, ಬೆಲ್ ಒತ್ತಿದರು.

"ಯಾರು?" ಎಂದು ಒಳಗಿಂದ ದನಿ ಬಂತು.

"ನಾನು ಅಕ್ಕಾ. ನಿನ್ನ ತಮ್ಮ."

"ಬಂದೆ, ಇರು."

ಟೀಚರ್ ಬಾಗಿಲಿಗೆ ಬರಲು ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡರು. ತಮ್ಮ ಪೆಟ್ಟಿಗೆಗಳನ್ನು ತಬ್ಬಿಕೊಂಡು ಹೊರಗೆ ಕಾಯುತ್ತ ನಿಂತರು.